ಹನ್ನೆರಡು ಗಂಟೆಯ ರೈಲು

ಬಾಗಿಲು ಬಡಿದವರಿಗೆ ‘ಅವರು ಮನೇಲಿಲ್ಲ’ ಎಂದು ಹೆಂಡತಿಯ ಕೈಲಿ ಹೇಳಿಸಿ, ತಾನು ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಗಂಡಸನ್ನು ನಾವೆಲ್ಲ ಕಂಡಿದ್ದೇವೆ. ಸಾಲ ಕೊಟ್ಟವರು ಬಂದಾಗ ನಡೆಯುವ ಈ ನಾಟಕ ‘ಹೈ ನೂನ್’ ಚಿತ್ರದಲ್ಲೂ ಇದೆ. ಅಲ್ಲಿ ಬಾಗಿಲಲ್ಲಿ ನಿಂತವನು ಊರಿನ ಮಾರ್ಷಲ್ ವಿಲ್ ಕೇನ್. ಒಳಗೆ ಅಡಗಿದವನು ಅವನ ಸ್ನೇಹಿತ. ಹೆಂಡತಿ ತಡವರಿಸುತ್ತಾಳೆ. ಕೇನ್‌ಗೆ ಎಲ್ಲ ತಿಳಿಯುತ್ತದೆ, ಹೆಚ್ಚು ಮಾತಾಡದೆ ಮೆಟ್ಟಿಲಿಳಿಯುತ್ತಾನೆ. ಗುಂಡೇಟಿಗಿಂತ ಇದೇ ನೋಡುವವರಿಗೆ ಕಸಿವಿಸಿ.

1952ರ ಈ ವೆಸ್ಟರ್ನ್ ಚಿತ್ರದಲ್ಲಿ ಬಂದೂಕಿನ ಕಾಳಗ ಬರುವುದೇ ಕೊನೆಗೆ. ಕೇನ್ ಆಗತಾನೆ ಮದುವೆಯಾಗಿ, ಕೆಲಸ ಬಿಟ್ಟು ಊರು ತೊರೆಯುವ ಸಿದ್ಧತೆಯಲ್ಲಿದ್ದಾನೆ. ತಾನು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನದ ರೈಲಿನಲ್ಲಿ ಬರುತ್ತಿರುವ ಸುದ್ದಿ ಸಿಗುತ್ತದೆ. ಮಿಲ್ಲರ್‌ನ ಮೂವರು ಬಂಟರು ನಿಲ್ದಾಣದಲ್ಲಿ ಕಾದಿದ್ದಾರೆ. ಕೇನ್ ನೆರವು ಕೇಳಿ ಮನೆಮನೆ, ಹೆಂಡದಂಗಡಿ, ಚರ್ಚು ಸುತ್ತುತ್ತಾನೆ. ಶಿಕ್ಷೆ ಕೊಟ್ಟ ನ್ಯಾಯಾಧೀಶನೇ ಮೊದಲು ಗಂಟುಮೂಟೆ ಕಟ್ಟುತ್ತಾನೆ. ಚಿತ್ರದ ಉದ್ದ 85 ನಿಮಿಷ. ಕಥೆಯ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಗಡಿಯಾರದ ಮುಳ್ಳು ಆಗಾಗ ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ನಿರ್ದೇಶಕ ಫ್ರೆಡ್ ಜಿನ್ನೆಮನ್ ಮತ್ತು ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಮುಂದಿಟ್ಟುಕೊಂಡ ಮಾದರಿ, ಅಮೆರಿಕದ ಅಂತರ್ಯುದ್ಧ ಕಾಲದ ಮ್ಯಾಥ್ಯೂ ಬ್ರಾಡಿಯ ಫೋಟೊಗಳು. ಮೋಡಗಳನ್ನು ಚಂದಗಾಣಿಸುವ ಫಿಲ್ಟರುಗಳನ್ನು ಪಕ್ಕಕ್ಕಿಟ್ಟರು. ಆಕಾಶ ಬಿಳಿಚಿಕೊಂಡು, ಸುಡುವಂತೆ ಕಾಣುತ್ತದೆ. ಕೇನ್ ಪಾತ್ರದ ಗ್ಯಾರಿ ಕೂಪರ್‌ಗೆ ಆಗ 50, ಹೆಂಡತಿಯಾದ ಗ್ರೇಸ್ ಕೆಲಿಗೆ 21. ಕೂಪರ್‌ಗೆ ಹೊಟ್ಟೆಯ ಹುಣ್ಣು, ಮೈಕೈ ನೋವು. ಅವರ ಮುಖದ ದಣಿವಿನಲ್ಲಿ ನಟನೆ ಎಷ್ಟೋ, ನಿಜ ಎಷ್ಟೋ. ಆಸ್ಕರ್ ಅಂತೂ ಬಂತು.

ಮಿಲ್ಲರ್‌ನ ರೈಲು ಬರುವ ದಾರಿಯನ್ನು ತೆಗೆಯಲು ಜಿನ್ನೆಮನ್, ಕ್ರಾಸ್ಬಿ ಇಬ್ಬರೂ ಹಳಿಯ ಮೇಲೆ ಕ್ಯಾಮೆರಾ ಇಟ್ಟು ಕಾದಿದ್ದರು. ಎಂಜಿನ್ನು ಕಪ್ಪು ಹೊಗೆ ಉಗುಳುತ್ತ ಬಂತು. ನೋಡಲು ಸೊಗಸು. ಅದು ಬ್ರೇಕು ಕೈಕೊಟ್ಟಿದೆ ಎಂಬ ಸೂಚನೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿ ಜೀವ ಉಳಿಸಿಕೊಂಡರು; ಕ್ಯಾಮೆರಾ ನುಚ್ಚುನೂರಾಯಿತು, ಒಳಗಿದ್ದ ಫಿಲ್ಮು ಉಳಿಯಿತು. ಆ ತುಣುಕು ಚಿತ್ರದಲ್ಲಿದೆ.

ಹನ್ನೆರಡು ಹೊಡೆಯುವ ಮುನ್ನಿನ ದೃಶ್ಯಕ್ಕಾಗಿಯಾದರೂ ಚಿತ್ರ ನೋಡಬೇಕು. ಗಡಿಯಾರದ ಲೋಲಕ ತೂಗುತ್ತದೆ. ದಿಮಿತ್ರಿ ಟಿಯೋಮ್ಕಿನ್ ಸಂಗೀತದ ತಾಳಕ್ಕೆ ಸರಿಯಾಗಿ ಒಂದೊಂದೇ ಮುಖ ಬಂದುಹೋಗುತ್ತದೆ: ಚರ್ಚಿನವರು, ಹೆಂಡದಂಗಡಿಯವರು, ಕೈಕೊಟ್ಟ ಗೆಳೆಯರು. ನಡುವೆ, ಶಿಕ್ಷೆಯಾದ ದಿನ ಮಿಲ್ಲರ್ ಕುಳಿತಿದ್ದ ಕುರ್ಚಿ, ಈಗ ಖಾಲಿ. ಆಮೇಲೆ ರೈಲಿನ ಸಿಳ್ಳೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮೇಲೇರಿದರೆ, ಬಿಕೋ ಎನ್ನುವ ಬೀದಿಯಲ್ಲಿ ಕೇನ್ ಒಂಟಿ.

ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್‌ ಪಾಡು ಬೇರೆಯಲ್ಲ. 1951ರಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ, ಕಮ್ಯುನಿಸ್ಟರ ಬೇಟೆಯಲ್ಲಿದ್ದ ಸಂಸತ್ ಸಮಿತಿ ಅವರನ್ನು ವಿಚಾರಣೆಗೆ ಕರೆಯಿತು. ಒಡನಾಡಿಗಳ ಹೆಸರು ಹೇಳಲು ಫೋರ್‌ಮನ್ ಒಪ್ಪಲಿಲ್ಲ. ಹಾಲಿವುಡ್ಡಿನ ಬಾಗಿಲು ಮುಚ್ಚಿತು. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಜೊತೆಗಿನ ಪಾಲುದಾರಿಕೆ ಮುರಿಯಿತು. ಫೋರ್‌ಮನ್ ಇಂಗ್ಲೆಂಡಿಗೆ ಹೋದರು. ವಿಚಿತ್ರವೆಂದರೆ, ಬಲಪಂಥೀಯರೆಂದೇ ಹೆಸರಾಗಿದ್ದ ಕೂಪರ್ ಈ ಲೇಖಕನ ಬೆನ್ನಿಗೆ ನಿಂತರು.

ಇನ್ನೊಬ್ಬ ಕೌಬಾಯ್ ದೊರೆ ಜಾನ್ ವೇನ್‌ಗೆ ಈ ಚಿತ್ರ ಕಂಡರಾಗುತ್ತಿರಲಿಲ್ಲ. ಕೊನೆಯಲ್ಲಿ ಮಾರ್ಷಲ್ ತನ್ನ ಬಿಲ್ಲೆಯನ್ನು ಕಾಲಲ್ಲಿ ತುಳಿಯುತ್ತಾನೆ ಎಂದು 1971ರ ಸಂದರ್ಶನದಲ್ಲೂ ದೂರಿದರು. ಚಿತ್ರದಲ್ಲಿ ಅವನು ಬಿಲ್ಲೆಯನ್ನು ಮಣ್ಣಿಗೆಸೆಯುತ್ತಾನೆ, ಅಷ್ಟೆ. ತುಳಿದದ್ದು ವೇನ್‌ರ ನೆನಪಿನಲ್ಲಿ. ತಮಾಷೆಯೆಂದರೆ, 1953ರಲ್ಲಿ ಗೈರಾಗಿದ್ದ ಕೂಪರ್ ಪರವಾಗಿ ಆಸ್ಕರ್ ಪಡೆದವರೂ ಇವರೇ.

ಜಿನ್ನೆಮನ್ ಹುಟ್ಟಿದ ಊರು ಇಂದಿನ ಪೋಲೆಂಡಿನಲ್ಲಿದೆ. 1989ರ ಜೂನ್ 4ರಂದು ಆ ದೇಶದಲ್ಲಿ ಚುನಾವಣೆ ನಡೆದಾಗ, ಕಮ್ಯುನಿಸ್ಟ್ ಆಡಳಿತಕ್ಕೆ ಎದುರು ನಿಂತ ಸಾಲಿಡಾರಿಟಿ ಸಂಘಟನೆಯ ಪೋಸ್ಟರಿನಲ್ಲಿದ್ದವರು ಗ್ಯಾರಿ ಕೂಪರ್. ಅದೇ ಟೋಪಿ, ಅದೇ ನಡಿಗೆ. ಎದೆಯ ಮೇಲೆ ಸಾಲಿಡಾರಿಟಿಯ ಬಿಲ್ಲೆ, ಬಲಗೈಯಲ್ಲಿ ಪಿಸ್ತೂಲಿನ ಬದಲು ಒಂದು ಮತಪತ್ರ.