ಡೋರ್, ದ್ವಾರ, ದಾರ್



ಮಕ್ಕಳು ಶಾಲೆಯಲ್ಲಿ ಕಲಿಯುವ ಇಂಗ್ಲಿಷಿನ 'ಡೋರ್' ನಮಗೆ ನೆಂಟ ಪದವೇ. ಹಳೆಯ ಇಂಗ್ಲಿಷಿನ 'ದುರು', ಗ್ರೀಕಿನ 'ಥೂರಾ', ಸಂಸ್ಕೃತದ 'ದ್ವಾರ' ಒಂದೇ ಬೇರಿನ ಚಿಗುರುಗಳು. ಕೊಲ್ಲೂರು ದೇವಳದ ಹೆಬ್ಬಾಗಿಲನ್ನು ಮಹಾದ್ವಾರ ಎನ್ನುತ್ತೇವೆ. ನಮ್ಮ ಕೊಂಕಣಿ ಮನೆಗಳಲ್ಲಿ ಅದೇ ಪದ ಸವೆದು 'ದಾರ್' ಆಗಿದೆ. ಕನ್ನಡದ 'ಬಾಗಿಲು' ಬೇರೆ ಕುಲದ್ದು. ಬಾಯಿಯೂ ಮನೆ ಎಂಬರ್ಥದ 'ಇಲ್' ಕೂಡ ಸೇರಿ ಅದು ಹುಟ್ಟಿತೆಂದು ಭಾಷಾತಜ್ಞರು ಹೇಳುತ್ತಾರೆ. ಅಂದರೆ ಮನೆಯ ಬಾಯಿ.

ಸಂತ ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸು ತಮ್ಮನ್ನೇ ಬಾಗಿಲೆಂದು ಕರೆದುಕೊಳ್ಳುತ್ತಾರೆ. ಗ್ರೀಕ್ ಮೂಲದಲ್ಲಿರುವುದು ಇದೇ 'ಥೂರಾ'.

ಕೊಲ್ಲೂರು ಘಾಟಿಯ ಮಳೆಯಲ್ಲಿ ನೆನೆದ ಯಾತ್ರಿಕನೊಬ್ಬ ನಮ್ಮ ಜಗಲಿಗೆ ಬಂದರೆ, ಚಿಲಕ ತೆಗೆಯುವ ಮುನ್ನ ನಾವು ಅವನ ಜಾತಿ, ಧರ್ಮ ಕೇಳುತ್ತೇವೆಯೇ? ಕೇಳದಿದ್ದರೆ ನಮ್ಮ ಮನೆಗೆ ಬಾಗಿಲಿದೆ. ಕೇಳಿದರೆ ಗೋಡೆ ಮಾತ್ರ.