ತಾರೆಗಳ ಚಿತ್ರಕ್ಕೆ ಫಿಲ್ಮೋ, ಡಿಜಿಟಲ್ಲೋ?

ಬೆಂಗಳೂರು: ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಬೀರುವಿನಲ್ಲಿದೆ. ಮನೆಯ ಮಕ್ಕಳಿಗೆ ನಕ್ಷತ್ರಗಳ ಚಿತ್ರ ತೆಗೆಯುವ ಹಂಬಲ. ಇದಕ್ಕಾಗಿ ಹತ್ತಾರು ಸಾವಿರ ರೂಪಾಯಿ ವ್ಯಯಿಸಿ ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೇ? ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಯ ತಾರಸಿಯಿಂದ ಆಗಸ ನೋಡುವವರಿಗೆ ಇದು ಜೇಬಿಗೆ ಸಂಬಂಧಿಸಿದ ಪ್ರಶ್ನೆಯೂ ಹೌದು.

ಸುಮಾರು ಒಂದು ಶತಮಾನ ಕಾಲ ಖಗೋಳ ವಿಜ್ಞಾನ ನೆಚ್ಚಿದ್ದು ಬೆಳ್ಳಿಯ ಲವಣ ಲೇಪಿಸಿದ ಗಾಜಿನ ಫಲಕ ಹಾಗೂ ಫಿಲ್ಮುಗಳನ್ನೇ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 20ನೇ ಶತಮಾನದ ಆರಂಭದಿಂದ ತೆಗೆದ ಸೂರ್ಯನ ಚಿತ್ರಫಲಕಗಳು ಇಂದಿಗೂ ಅಧ್ಯಯನಕ್ಕೆ ಒದಗುತ್ತಿವೆ. ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇವುಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಬಾಳಿಕೆಯೇ ಫಿಲ್ಮಿನ ದೊಡ್ಡ ಗುಣ.

ಫಿಲ್ಮಿನ ಮಿತಿ

ಫಿಲ್ಮಿನ ಮೇಲೆ ಬೀಳುವ ನೂರು ಬೆಳಕಿನ ಕಣಗಳಲ್ಲಿ ದಾಖಲಾಗುವುದು ಕೇವಲ ಒಂದೆರಡು. ಮೇಲಾಗಿ, ಮಂದ ಬೆಳಕಿನಲ್ಲಿ ಹೊತ್ತು ಕಳೆದಂತೆ ಅದರ ಗ್ರಹಣಶಕ್ತಿ ಕುಗ್ಗುತ್ತದೆ. ಅವಧಿ ಇಮ್ಮಡಿಯಾದರೂ ಚಿತ್ರದ ಪ್ರಖರತೆ ಇಮ್ಮಡಿಯಾಗದು. ಆದ್ದರಿಂದಲೇ ಹಿಂದಿನ ಹವ್ಯಾಸಿಗಳು ಒಂದು ನೀಹಾರಿಕೆಯ ಚಿತ್ರಕ್ಕಾಗಿ ತಾಸುಗಟ್ಟಲೆ ದೂರದರ್ಶಕ ಕಾಯುತ್ತಿದ್ದರು. ಫಲಿತಾಂಶ ತಿಳಿಯುತ್ತಿದ್ದುದು ಫಿಲ್ಮ್ ತೊಳೆದ ಬಳಿಕವೇ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಸಂದಿತು. ಖಗೋಳ ವೀಕ್ಷಣೆಗೆಂದೇ ತಯಾರಾದ ಉತ್ತಮ ಸಂವೇದಕಗಳು ನೂರರಲ್ಲಿ 80ಕ್ಕೂ ಹೆಚ್ಚು ಕಣಗಳನ್ನು ಹಿಡಿಯಬಲ್ಲವು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸಿ ಚಿತ್ರ ಪಡೆಯಲು ಸಾಧ್ಯವಾಗಿರುವುದೂ ಇಂತಹ ಸಂವೇದಕಗಳಿಂದಲೇ.

ನಗರದ ಬೆಳಕು

ಬೀದಿದೀಪಗಳ ಹೊಳಪಿನಲ್ಲಿ ಫಿಲ್ಮನ್ನು ಕೆಲವೇ ನಿಮಿಷ ತೆರೆದಿಟ್ಟರೂ ಚಿತ್ರವೆಲ್ಲ ಮಸುಕಾಗುತ್ತದೆ. ಡಿಜಿಟಲ್ಲಿನಲ್ಲಿ ಉಪಾಯವುಂಟು. ತಲಾ 30 ಸೆಕೆಂಡಿನ 16 ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಸರಾಸರಿ ಮಾಡಿದರೆ, ಒಂದೇ ಚಿತ್ರದಲ್ಲಿ ಕಾಣುವ ಕಾಳುಕಾಳು ಗದ್ದಲ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಹಿನ್ನೆಲೆಯ ಹೊಳಪನ್ನೂ ಬಹುಮಟ್ಟಿಗೆ ಕಳೆಯಬಹುದು. ಭೂಮಿ ತಿರುಗುತ್ತಿರುವುದರಿಂದ, ಚುಕ್ಕೆಗಳು ಗೆರೆಗಳಾಗದಂತೆ ಅವನ್ನು ಹಿಂಬಾಲಿಸುವ ಪೀಠವೂ ಬೇಕು.

ಡಿಜಿಟಲ್ಲಿಗೂ ಕೊರತೆಗಳಿವೆ. ಸಂವೇದಕ ಬಿಸಿಯಾದರೆ ಗದ್ದಲ ಹೆಚ್ಚುತ್ತದೆ. ಸಾಮಾನ್ಯ ಕ್ಯಾಮೆರಾದ ಒಳಗಿನ ಶೋಧಕವು ಜಲಜನಕ ಸೂಸುವ 656 ನ್ಯಾನೋಮೀಟರಿನ ಕೆಂಪು ಬೆಳಕನ್ನು ಬಹುಪಾಲು ತಡೆಯುವುದರಿಂದ ನೀಹಾರಿಕೆಗಳು ಕಳೆಗುಂದುತ್ತವೆ.

ಯಾವುದು ಲೇಸು?

ನಕ್ಷತ್ರಗಳು ವೃತ್ತಾಕಾರದ ಗೆರೆಗಳಾಗಿ ಮೂಡುವ ಚಿತ್ರಕ್ಕೆ ಹಳೆಯ ಫಿಲ್ಮ್ ಕ್ಯಾಮೆರಾ ಈಗಲೂ ಸಾಕು. ಬ್ಯಾಟರಿಯಿಲ್ಲದೆ ಶಟರ್ ತೆರೆದಿಡಬಲ್ಲ ಮಾದರಿಯಾದರೆ ಇನ್ನೂ ಅನುಕೂಲ. ಆದರೆ ಅದಕ್ಕೆ ಊರಾಚೆಯ ಕತ್ತಲು ಅನಿವಾರ್ಯ. ತಾರಸಿಯಿಂದ ನೀಹಾರಿಕೆ, ನಕ್ಷತ್ರಗುಚ್ಛ ಸೆರೆಹಿಡಿಯುವವರಿಗೆ ಡಿಜಿಟಲ್ಲೇ ಸರಿ. ದುಬಾರಿ ಉಪಕರಣಕ್ಕೆ ಮುನ್ನ ಒಮ್ಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ, ಇರುವ ಕ್ಯಾಮೆರಾದೊಂದಿಗೆ ನಗರದಿಂದ ದೂರ ಹೋಗಿ ಬರುವುದು ಜಾಣತನ. ಕತ್ತಲು ಕೊಡುವ ಲಾಭವನ್ನು ಯಾವ ಸಂವೇದಕವೂ ಕೊಡಲಾರದು.