ಫೈಲುಗಳ ಎಣಿಕೆ

ಕಂಪ್ಯೂಟರು ಲೆಕ್ಕದಲ್ಲಿ ತಪ್ಪುವುದಿಲ್ಲವೆಂಬ ನಂಬಿಕೆ ಕಲಾ ವಿಭಾಗದವರಾದ ನಮ್ಮಲ್ಲಿ ಬಲವಾಗಿದೆ. ಕೂಡುವುದರಲ್ಲಿ ಅದು ತಪ್ಪಲಾರದು, ನಿಜ. ಆದರೆ ಏನನ್ನು ಕೂಡಬೇಕೆಂದು ಹೇಳುವವರು ನಾವಷ್ಟೆ.

ಕಿರಿಯ ತರಗತಿಯ ಮಿತ್ರನೊಬ್ಬನು ಪೈಥಾನ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿದ್ದಾನೆ. ಇತಿಹಾಸದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತೆಗೆದ ಶಾಸನಗಳ ಚಿತ್ರ, ಹಿರಿಯರ ಮಾತಿನ ಧ್ವನಿಮುದ್ರಣ, ಟಿಪ್ಪಣಿ ಎಲ್ಲವೂ ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದವು. ಬಗೆಬಗೆಯಾಗಿ ಎಣಿಸಿ, ಪ್ರತಿಯಲ್ಲಿಯೂ ಅಷ್ಟೇ ಇವೆಯೆಂದು ಕಂಡುಕೊಂಡ ಮೇಲೆ ಫೋನುಗಳಲ್ಲಿದ್ದ ಮೂಲವನ್ನು ಅಳಿಸುವುದೆಂದು ನಿಶ್ಚಯವಾಗಿತ್ತು. ಎಣಿಸುವ ಸ್ಕ್ರಿಪ್ಟನ್ನು ಅವನು ಬರೆದ. ತಪ್ಪು ಹುಡುಕಲು ನಾನು ಜೊತೆಗೆ ಕುಳಿತೆ.

ಅವನ ಯೋಜನೆ ಸರಳವಾದದ್ದು. ಫೈಲಿನ ಹೆಸರನ್ನು ಚುಕ್ಕೆಯಲ್ಲಿ ಒಡೆಯುವುದು, ಎರಡನೆಯ ತುಂಡನ್ನು ಫೈಲಿನ ಬಗೆಯೆಂದು ತಿಳಿಯುವುದು, ಆ ಬಗೆಯ ಲೆಕ್ಕಕ್ಕೆ ಒಂದು ಸೇರಿಸುವುದು. ಓಡಿಸಿದೊಡನೆ 'ಕೀ ಎರರ್' ಎಂದು ನಿಂತುಹೋಯಿತು. ಅಂಗಡಿಯವನು ಖಾತೆಯನ್ನೇ ತೆರೆಯದ ಗಿರಾಕಿಯ ಲೆಕ್ಕಕ್ಕೆ ಒಂದು ರೂಪಾಯಿ ಸೇರಿಸಹೊರಟಂತೆ! ಖಾತೆಯಿಲ್ಲದಿದ್ದರೆ ಸೊನ್ನೆಯೆಂದು ತಿಳಿಯಲು 'ಗೆಟ್' ಎಂಬ ಸೌಲಭ್ಯವುಂಟು. ಅದನ್ನು ಬಳಸಿದ ಮೇಲೆ 'ಇಂಡೆಕ್ಸ್ ಎರರ್' ಬಂತು. ಒಳಗೊಂದು ಉಪಫೋಲ್ಡರಿತ್ತು; ಅದರ ಹೆಸರಿನಲ್ಲಿ ಚುಕ್ಕೆಯೇ ಇಲ್ಲವಾದ್ದರಿಂದ ಎರಡನೆಯ ತುಂಡೂ ಇಲ್ಲ.

ಇಂಥ ದೋಷಗಳು ಉಪಕಾರಿಗಳೆಂದೇ ನನ್ನ ಅಭಿಪ್ರಾಯ. ಸಂದೇಶದ ಕೊನೆಯ ಸಾಲು ದೋಷದ ಜಾತಿಯನ್ನು ಹೇಳುತ್ತದೆ, ಅದರ ಮೇಲಿನ ಸಾಲುಗಳು ಸ್ಥಳವನ್ನು ತೋರಿಸುತ್ತವೆ. ಹೊಸಬರು ಕೆಂಪಕ್ಷರ ಕಂಡೊಡನೆ ಗಾಬರಿಯಾಗಿ ಅದನ್ನು ಓದುವುದೇ ಇಲ್ಲ.

ಸದ್ದಿಲ್ಲದ ದೋಷಗಳೇ ಬೇರೆ. ಉಪಫೋಲ್ಡರನ್ನು ಬಿಟ್ಟು ಫೈಲುಗಳನ್ನಷ್ಟೇ ಎಣಿಸಲೆಂದು ಮಿತ್ರನು 'ಈಸ್‌ಫೈಲ್' ಎಂಬ ಪ್ರಶ್ನೆಯನ್ನು ಸೇರಿಸಿದ. ಉತ್ತರ: ಒಟ್ಟು ಸೊನ್ನೆ. ದೂರಿಲ್ಲ, ಎಚ್ಚರಿಕೆಯಿಲ್ಲ. ಪ್ರತಿಯ ಕಡೆಯೂ ಸೊನ್ನೆ. ಎರಡೂ ಸಮನಾಗಿವೆ ಎಂದು ಯಂತ್ರವು ಒಪ್ಪಿಸಿಬಿಟ್ಟಿತು! ಪ್ರತಿ ಹೆಸರನ್ನೂ ಅದಕ್ಕೆ ದೊರೆತ ಉತ್ತರವನ್ನೂ ತೆರೆಯ ಮೇಲೆ ಮೂಡಿಸಿ ನೋಡಿದೆವು. ಎಲ್ಲಕ್ಕೂ 'ಅಲ್ಲ' ಎಂದೇ ಇತ್ತು. 'ಲಿಸ್ಟ್‌ಡಿರ್' ಕೊಡುವುದು ಬರಿಯ ಹೆಸರನ್ನು, ದಾರಿಯನ್ನಲ್ಲ. ಊರಿಲ್ಲದ ವಿಳಾಸ ಕಂಡ ಅಂಚೆಯವನು ತನ್ನ ಊರಿನಲ್ಲೇ ಹುಡುಕಿದಂತೆ, ಸ್ಕ್ರಿಪ್ಟು ತಾನು ಓಡುತ್ತಿದ್ದ ಫೋಲ್ಡರಿನಲ್ಲೇ ಹುಡುಕಿ ಕೈಚೆಲ್ಲುತ್ತಿತ್ತು. ಫೋಲ್ಡರಿನ ದಾರಿಯನ್ನು ಹೆಸರಿಗೆ 'ಜಾಯಿನ್' ಮಾಡಿದಾಗ ಸರಿಹೋಯಿತು.

ಆಮೇಲೂ 'ಶಾಸನ.2.ಜೆಪಿಜಿ' ಎಂಬ ಚಿತ್ರವು '2' ಎಂಬ ಬಗೆಗೆ ಸೇರಿತ್ತು. ಕೊನೆಯ ಚುಕ್ಕೆಯಲ್ಲಿ ಮಾತ್ರ ಒಡೆಯುವ 'ಸ್ಪ್ಲಿಟ್‌ಎಕ್ಸ್ಟ್' ಇದಕ್ಕೆ ಮದ್ದು. ಕ್ಯಾಮರಾದ ಚಿತ್ರಗಳ ಹೆಸರು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಫೋನಿನವು ಚಿಕ್ಕಕ್ಷರಗಳಲ್ಲಿ ಇದ್ದುದರಿಂದ ಜೆಪಿಜಿ ಒಂದೇ ಎರಡು ಪಂಗಡವಾಗಿತ್ತು. ಕನ್ನಡದಲ್ಲಿ ಈ ಭೇದವಿಲ್ಲ. ಯಂತ್ರಕ್ಕೆ ಅವೆರಡೂ ಬೇರೆಬೇರೆ ಅಕ್ಷರಗಳೇ. ಎಲ್ಲವನ್ನೂ ಚಿಕ್ಕಕ್ಷರಕ್ಕಿಳಿಸಿ ಎಣಿಸಿದೆವು.

ಕೊನೆಗೆ ಇಂಥ ತಂಟೆಯ ಹೆಸರುಗಳ ಆರೇ ಫೈಲುಗಳನ್ನು ಬೇರೊಂದು ಫೋಲ್ಡರಿನಲ್ಲಿಟ್ಟು, ಬೆರಳಿನಲ್ಲಿ ಎಣಿಸಿ, ಸ್ಕ್ರಿಪ್ಟಿನ ಉತ್ತರದೊಡನೆ ತಾಳೆನೋಡಿದೆವು. ಸರಿಹೊಂದಿತು. ಆದರೂ ಅರ್ಧ ನಕಲಾದ ಚಿತ್ರವೂ ಎಣಿಕೆಯಲ್ಲಿ ಒಂದೇ ಅಲ್ಲವೆ? ಮಿತ್ರನೀಗ ಎರಡೂ ಕಡೆಯ ಫೈಲುಗಳ ಗಾತ್ರವನ್ನು ಹೋಲಿಸುವ ಸಾಲುಗಳನ್ನು ಬರೆಯುತ್ತಿದ್ದಾನೆ. ಫೋನುಗಳಲ್ಲಿರುವ ಚಿತ್ರಗಳನ್ನು ಯಾರೂ ಇನ್ನೂ ಅಳಿಸಿಲ್ಲ.